ನಾಲ್ವರಿಗೊಂದು ಮೇಜು

ವರ್ಷವಿಡೀ ‘ಇವತ್ತೇನು ಅಡಿಗೆ’ ಎಂದು ತಲೆ ಕೆಡಿಸಿಕೊಳ್ಳುವ ಹೆಂಗಸಿಗೆ ರಜೆಯಲ್ಲಾದರೂ ಬಿಡುವುಂಟೇ? ‘ಏನು’ ಹೋಗಿ ‘ಎಲ್ಲಿ’ ಬರುತ್ತದೆ, ಅಷ್ಟೆ. ಅದರಲ್ಲೂ ನಮ್ಮ ಗುಂಪಿನಂಥದ್ದಾದರೆ ಕೇಳಲೇಬೇಡಿ.

2023ರ ಡಿಸೆಂಬರ್ ರಜೆಯಲ್ಲಿ ನಾವು ನಾಲ್ವರು ಟೀಚರುಗಳು, ಗಂಡ ಮಕ್ಕಳನ್ನು ಮನೆಯಲ್ಲೇ ಬಿಟ್ಟು, ಉಡುಪಿಯ ಕಡಲ ಕಡೆಗೆ ಹೊರಟೆವು. ಗಣಿತದ ಮೇಡಂ ಹುಟ್ಟಿದ್ದು ಕಾರವಾರದ ಕಡೆ. ಮೀನಿಲ್ಲದಿದ್ದರೆ ಅವರಿಗೆ ಊಟವೇ ಅಲ್ಲ. ಸಂಸ್ಕೃತದ ಮೇಡಂ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು. ಇಂಗ್ಲಿಷಿನ ಮೇಡಂ ಎಲ್ಲರಿಗಿಂತ ಚಿಕ್ಕವರು. ಹೋಟೆಲಿಗೆ ಎಷ್ಟು ನಕ್ಷತ್ರ ಬಿದ್ದಿದೆ ಎಂದು ಫೋನಿನಲ್ಲಿ ನೋಡದೆ ಕಾಫಿಯನ್ನೂ ಕುಡಿಯುವವರಲ್ಲ. ನಾನು ಸಮಾಜದವಳು. ಸಸ್ಯಾಹಾರಿ, ಆದರೆ ಕೇಕು ಕೊಟ್ಟರೆ ಅದರಲ್ಲಿ ಏನಿದೆ ಎಂದು ಕೇಳುವುದಿಲ್ಲ.

ನಮ್ಮ ಸ್ಟಾಫ್ ರೂಮಿನಲ್ಲಿ ಉದ್ದನೆಯ ಮೇಜೊಂದಿದೆ. ಹದಿನೆಂಟು ವರ್ಷದಿಂದ ಗಣಿತದವರು ಅದರ ತುದಿಯಲ್ಲಿ, ಕಿಟಕಿಯ ಕಡೆ ತಿರುಗಿ ಕೂತು, ಡಬ್ಬಿಯ ಮುಚ್ಚಳ ಅರ್ಧ ಸರಿಸಿ ಉಣ್ಣುತ್ತಾರೆ. ಹಾಗೆ ಕೂರಿ ಎಂದು ಯಾರೂ ಹೇಳಿದ್ದಲ್ಲ. ಆ ಡಬ್ಬಿಯಲ್ಲಿ ಹೆಚ್ಚಿನ ದಿನ ಬರೀ ಚಿತ್ರಾನ್ನವಿರುತ್ತದೆ. ಚಿತ್ರಾನ್ನದ ದಿನವೂ ಅವರು ಕೂರುವುದು ಅಲ್ಲೇ. ನಮ್ಮ ಕಗ್ಗದಾಸಪುರದಲ್ಲಿ ಆಂಧ್ರದ ಮೆಸ್ಸು, ಕೇರಳದ ಹೋಟೆಲು, ಬಂಗಾಳಿಗಳ ಮೀನಿನ ಸಾರು, ಒಡಿಶಾದವರ ಸಿಹಿತಿಂಡಿ ಎಲ್ಲವೂ ಹೆಜ್ಜೆ ದೂರದಲ್ಲಿವೆ. ಆದರೂ ನಾವು ನಾಲ್ವರು ಒಟ್ಟಿಗೆ ಒಂದು ಹೋಟೆಲಿನ ಮೆಟ್ಟಿಲು ಹತ್ತಿದ್ದಿಲ್ಲ. ಹಾಗಾಗಿ ಈ ಪ್ರವಾಸದಲ್ಲಿ ಎಲ್ಲಿ ಉಣ್ಣುವುದೆಂಬುದು ಎಲ್ಲಿ ಮಲಗುವುದು ಎಂಬುದಕ್ಕಿಂತ ದೊಡ್ಡ ಪ್ರಶ್ನೆಯಾಗಿತ್ತು.

ಮಲಗಲು ಕಡಲ ದಂಡೆಯ ಒಂದು ರೆಸಾರ್ಟು ಸಿಕ್ಕಿತು. ಮೊದಲ ರಾತ್ರಿ ಅಲ್ಲೇ ಊಟ. ನಕ್ಷತ್ರ ಬೇಕಾದಷ್ಟಿತ್ತು, ಫೋನಿನಲ್ಲೂ ಆಕಾಶದಲ್ಲೂ. ಸಮುದ್ರದ ಕಡೆಯ ಮೇಜು ಬೇಕೆಂದು ಇಂಗ್ಲಿಷಿನವರು ಮೊದಲೇ ಹೇಳಿಟ್ಟಿದ್ದರು. ರಾತ್ರಿ ಎಂಟು ಗಂಟೆಗೆ ಸಮುದ್ರ ಎಲ್ಲಿ ಕಾಣುತ್ತದೆ ಹೇಳಿ! ಒಂದಿಷ್ಟು ಬಿಳಿ ನೊರೆ, ಉಳಿದದ್ದು ಕತ್ತಲು. ಬಡಿಸಿದ್ದು ಪನೀರು, ಗೋಬಿ ಮಂಚೂರಿ, ನೂಡಲ್ಸು. ಇದಕ್ಕೆ ಕಗ್ಗದಾಸಪುರ ಬಿಟ್ಟು ರಾತ್ರಿಯಿಡೀ ಬಸ್ಸಿನಲ್ಲಿ ಬರಬೇಕಿತ್ತೇ? ಗಣಿತದವರು ಮೆನು ನೋಡಿ ಮೀನೇನೋ ಇದೆ ಎಂದರು. ಆಮೇಲೆ ನಮ್ಮ ಮೂವರ ಮುಖ ನೋಡಿ, ‘ಇರಲಿ, ಹಸಿವಿಲ್ಲ’ ಎಂದು ಮೊಸರನ್ನ ತರಿಸಿಕೊಂಡರು.

ಮರುದಿನ ಬೆಳಿಗ್ಗೆ ಉಡುಪಿಯ ರಥಬೀದಿ. ಅಲ್ಲಿಯ ಮಿತ್ರ ಸಮಾಜ ಹಳೆಯ ಹೋಟೆಲು. ಜಾಗ ಖಾಲಿಯಾಗುವವರೆಗೆ ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಕಾಯಬೇಕು. ಗೋಳಿಬಜೆ ತಿಂದೆವು. ಬನ್ಸ್ ತಿಂದೆವು. ಬೇಕರಿಯ ಬನ್ನಲ್ಲ ಇದು. ಕಳಿತ ಬಾಳೆಹಣ್ಣು ಕಿವುಚಿ ಹಿಟ್ಟಿಗೆ ಕಲಸಿ ಪೂರಿಯಂತೆ ಕರಿಯುವುದು. ಮನೆಯಲ್ಲಿ ಹಣ್ಣು ಕಪ್ಪಾದಾಗ ಎಸೆಯುವ ಬದಲು ನೀವೂ ಮಾಡಿ ನೋಡಿ. ಮಧ್ಯಾಹ್ನ ಕೃಷ್ಣಮಠದಲ್ಲಿ ಪಂಕ್ತಿಯ ಊಟ. ನನ್ನ ಮೊಣಕಾಲು ಪ್ರತಿಭಟಿಸಿದರೂ ನೆಲದ ಮೇಲೆ ಕೂತೆ. ಸಂಸ್ಕೃತದವರಿಗೆ ಅಲ್ಲಿ ಏನನ್ನೂ ಕೇಳಿ ತಿಳಿಯಬೇಕಾಗಿರಲಿಲ್ಲ. ಅಂಥ ನೆಮ್ಮದಿಯಲ್ಲಿ ಅವರು ಉಣ್ಣುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹತ್ತಿರದ ಮಟ್ಟು ಊರಿನ ಗುಳ್ಳ ಬದನೆಯ ಬೀಜವನ್ನು ಸೋದೆಯ ವಾದಿರಾಜರು ಕೊಟ್ಟದ್ದೆಂಬ ಪ್ರತೀತಿಯನ್ನು ಅವರೇ ಹೇಳಿದರು. ಆ ಬದನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದನ್ನು ನಾನು ಸೇರಿಸಿದೆ. ಟೀಚರುಗಳು ರಜೆಯಲ್ಲೂ ಹೀಗೇ.

ಗಣಿತದವರು ಎರಡು ಸಲ ಪಾಯಸ ಹಾಕಿಸಿಕೊಂಡರು, ಚೆನ್ನಾಗಿದೆ ಎಂದರು. ಒಂದು ಮಾತೂ ಹೆಚ್ಚು ಆಡಲಿಲ್ಲ.

ಬೆಂಗಳೂರಿನವರಾದ ನಮಗೆ ಉಡುಪಿ ಎಂದರೆ ಇಡ್ಲಿ, ದೋಸೆ. 1924ರಲ್ಲಿ ಪಾರಂಪಳ್ಳಿಯ ಮಯ್ಯರು ಶುರು ಮಾಡಿದ ಎಂ.ಟಿ.ಆರ್. ಮೊದಲುಗೊಂಡು ನಮ್ಮ ಬೀದಿಯ ದರ್ಶಿನಿಯವರೆಗೆ ಎಲ್ಲವೂ ಆ ಸೀಮೆಯ ಕೈರುಚಿಯೇ. ಊರೆಲ್ಲ ಒಂದು ದೊಡ್ಡ ಸಸ್ಯಾಹಾರಿ ಅಡಿಗೆಮನೆ ಎಂದುಕೊಂಡಿರುತ್ತೇವೆ. ಅಲ್ಲಿಂದ ಆಟೋದಲ್ಲಿ ಸ್ವಲ್ಪ ದೂರ ಹೋದರೆ ಮಲ್ಪೆ. ರಾಜ್ಯದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲೊಂದು. ಬಂದರುಗಳ ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ಅದಕ್ಕೊಂದು ಚುಕ್ಕಿ ಇಡುತ್ತೇನೆ, ಅಷ್ಟೆ.

ಮೂರನೆಯ ದಿನ ಆ ಚುಕ್ಕಿಯನ್ನು ನೋಡಲು ಹೋದೆವು. ಆಟೋದವನನ್ನು, ‘ಒಳ್ಳೆ ಊಟ ಎಲ್ಲಿ ಸಿಗುತ್ತೆ?’ ಎಂದು ಕೇಳಿದರೆ ದೊಡ್ಡ ದೊಡ್ಡ ಹೆಸರು ಹೇಳಿದ. ‘ನೀವು ಎಲ್ಲಿ ಉಣ್ತೀರಿ?’ ಎಂದೆ. ‘ನಾನು ಮನೆಯಲ್ಲಿ ಮಾರಾಯ್ರೆ’ ಎಂದು ನಕ್ಕ. ಆಮೇಲೆ, ಹೆಂಡತಿ ತವರಿಗೆ ಹೋದಾಗ ತಾನು ಉಣ್ಣುವ ಜಾಗಕ್ಕೆ ಕರೆದೊಯ್ದ. ಕೇಳುವುದಾದರೆ ಹೀಗೆ ಕೇಳಬೇಕು.

ಹೆಂಚಿನ ಮನೆ, ಆರು ಮೇಜು. ಬಾಗಿಲಲ್ಲಿ ಕರಿಹಲಗೆ, ಸೀಮೆಸುಣ್ಣದಲ್ಲಿ ಅಂದಿನ ಮೀನುಗಳ ಹೆಸರು. ಇಂಗ್ಲಿಷಿನವರು ಅಂಜಲ್ ಫ್ರೈ ಇದೆಯೇ ಎಂದರು. ‘ಇವತ್ತು ಅಂಜಲ್ ಒಳ್ಳೆದು ಸಿಗ್ಲಿಲ್ಲ ಅಕ್ಕ. ಕಾಣೆ ಉಂಟು, ಬಂಗುಡೆ ಉಂಟು’ ಎಂದಳು ಒಡತಿ. ಗಣಿತದವರ ಮುಖ ಅರಳಿತು. ‘ಇಲ್ಲ ಅನ್ನೋ ಹೋಟೆಲನ್ನ ನಂಬಬಹುದು’ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರು ವಿವರಿಸಿದ್ದಿಷ್ಟು: ಮೀನು ದೋಣಿಯ ಜೊತೆ ಬರಬೇಕು. ಜೂನ್, ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳಿಗೆ 61 ದಿನ ನಿಷೇಧವಿರುತ್ತದೆ, ಮೀನು ಮರಿ ಮಾಡುವ ಕಾಲವೆಂದು. ಆಗಲೂ ಎಲ್ಲ ಮೀನೂ ಇದೆ ಎಂದು ಅಚ್ಚು ಹಾಕಿದ ಮೆನು ಹೇಳಿದರೆ ಅದು ಐಸ್ ಪೆಟ್ಟಿಗೆಯ ಮೀನೇ ಇರಬೇಕು. ದೊಡ್ಡ ಮೀನಿಗೆ ಅಂದಂದಿನ ದರ, ಮೊದಲೇ ಕೇಳಿಕೊಳ್ಳಬೇಕು. ಹದಿನೆಂಟು ವರ್ಷದಲ್ಲಿ ಅವರ ಬಾಯಿಂದ ಊಟದ ವಿಷಯವಾಗಿ ನಾನು ಕೇಳಿದ ಅತ್ಯಂತ ದೀರ್ಘ ಭಾಷಣ ಇದು.

ನನಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ತೊಂಡೆಕಾಯಿ ಪಲ್ಯ. ‘ಪಲ್ಯದ ಸೌಟು ಬೇರೆ ಅಕ್ಕ’ ಎಂದು ಒಡತಿ ತಾನಾಗಿಯೇ ಹೇಳಿದಳು. ಇನ್ನು ಸಂಸ್ಕೃತದವರು. ‘ನಾನು ಹೊರಗೆ ಕೂತಿರುತ್ತೇನೆ, ನೀವು ಮುಗಿಸಿ ಬನ್ನಿ’ ಎಂದು ಜಗಲಿಯ ಬೆಂಚಿನ ಮೇಲೆ ಕೂತುಬಿಟ್ಟರು. ಒಡತಿ ‘ನಿಮಗೆ ಬೊಂಡ ಕೊಡ್ತೇನೆ’ ಎಂದಾಗ ಇಂಗ್ಲಿಷಿನವರು ಬಿಸಿ ಬಿಸಿ ಬೋಂಡಾ ಬರುತ್ತದೆಂದು ಕಾದರು. ಬಂದದ್ದು ಎಳನೀರು; ಅಲ್ಲಿ ಅದಕ್ಕೆ ಹಾಗನ್ನುತ್ತಾರೆ.

ಒಳಗೆ ಗಣಿತದವರ ಮುಂದೆ ರವೆಯಲ್ಲಿ ಹುರಿದ ಕಾಣೆ ಬಂತು. ಅವರು ತಟ್ಟೆಯನ್ನು ಎತ್ತಿಕೊಂಡು, ಅಭ್ಯಾಸಬಲದಿಂದ, ಗೋಡೆಯ ಕಡೆ ತಿರುಗಿದರು.

ಬಾಗಿಲಲ್ಲಿ ನೆರಳು ಬಿತ್ತು. ಎಳನೀರು ಕೈಯಲ್ಲಿ ಹಿಡಿದು ಸಂಸ್ಕೃತದವರು ನಿಂತಿದ್ದರು. ಸೆರಗು ಮೂಗಿನ ಮೇಲಿತ್ತು, ಅದನ್ನು ಮುಚ್ಚಿಡುವುದಿಲ್ಲ. ‘ಹೊರಗೆ ಬಿಸಿಲು’ ಎಂದರು. ಡಿಸೆಂಬರಿನ ಜಗಲಿಯಲ್ಲಿ ಎಂಥ ಬಿಸಿಲೋ! ನಾಲ್ಕನೆಯ ಕುರ್ಚಿ ಎಳೆದು ಕೂತರು. ಗಣಿತದವರು ಎದ್ದು ಬೇರೆ ಮೇಜಿಗೆ ಹೋಗಲು ನೋಡಿದರು. ‘ಕೂತ್ಕೊಳ್ಳಿ ಮೇಡಂ, ಆರಿಹೋಗುತ್ತೆ. ಆ ಮುಳ್ಳನ್ನ ಮಾತ್ರ ಆ ಕಡೆ ಇಡಿ’ ಎಂದರು ಸಂಸ್ಕೃತದವರು.

ಅವರು ಏನನ್ನೂ ಮುಟ್ಟಲಿಲ್ಲ, ಎಳನೀರು ಮಾತ್ರ ಹೀರಿದರು. ಕಾಣೆಯ ನಡುಮುಳ್ಳು ಒಂದೇ ಎಳೆತಕ್ಕೆ ಬಿಟ್ಟು ಬಂದದ್ದನ್ನು ಓರೆಗಣ್ಣಿನಲ್ಲಿ ನೋಡಿ, ‘ಅಷ್ಟು ಸುಲಭವೇ?’ ಎಂದು ಕೇಳಿದರು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಗಣಿತದವರ ಅಜ್ಜಿ ಬುಟ್ಟಿ ಹೊತ್ತು ಮೀನು ಮಾರಿ ಅವರನ್ನು ಓದಿಸಿದ್ದು ನಮಗೆ ಗೊತ್ತಾದದ್ದು ಅಂದೇ. ಗಂಜಿ ಎರಡು ಸಲ ಬಂತು. ಮೂರು ಗಂಟೆಯಾಗಿ, ಒಡತಿ ತನ್ನ ಊಟದ ತಟ್ಟೆಯನ್ನೂ ಪಕ್ಕದ ಮೇಜಿಗೆ ತಂದುಕೊಂಡಳು.

ಬಿಲ್ಲು ಬಂದಾಗ ಗಣಿತದವರು ಲೆಕ್ಕ ಹಾಕತೊಡಗಿದರು: ಮೀನು ನನ್ನದು, ಗಂಜಿ ಇವರದು, ಎಳನೀರು ನಿಮ್ಮದು ಎಂದು.

‘ನಾಲ್ಕರಿಂದ ಭಾಗಿಸಿ ಮೇಡಂ’ ಎಂದರು ಸಂಸ್ಕೃತದವರು, ಪರ್ಸು ತೆಗೆಯುತ್ತಾ.