ಗುದ್ದು ಒಬ್ಬನದು, ಪೆಟ್ಟು ಇನ್ನೊಬ್ಬನದು

ಮಾಲ್‌ಗಳ ಗೇಮ್ ಝೋನ್‌ನಲ್ಲಿ ಒಂದು ಪಂಚಿಂಗ್ ಮಷೀನ್ ಇರುತ್ತೆ, ನೋಡಿರ್ತೀರ. ಓಡಿ ಬಂದು ಜೋರಾಗಿ ಗುದ್ದಿದರೆ 782 ಅಂತ ಕೆಂಪು ಅಂಕಿ ಮಿಣುಕುತ್ತೆ. 782 ಏನು? ನ್ಯೂಟನ್ನಾ, ಕೆಜಿಯಾ, ಜೌಲಾ? ಯಾರೂ ಕೇಳಲ್ಲ. ಲ್ಯಾಬ್ ರೆಕಾರ್ಡ್‌ನಲ್ಲಿ ಯೂನಿಟ್ ಬರೆಯದಿದ್ದರೆ ಮಾರ್ಕ್ಸ್ ಕಳೆದುಕೊಳ್ಳೋ ಜನ ನಾವು. ಅಲ್ಲಿ ಮಾತ್ರ ಬರೀ ನಂಬರ್ ಜೊತೆ ಸೆಲ್ಫಿ ತಗೊಂಡು ಬರ್ತೀವಿ.

ಹೆವಿವೇಟ್ ಫೈಟರ್‌ಗಳ ರೀಲ್ಸ್ ಕೂಡ ಹೀಗೇ. 2017ರಲ್ಲಿ ಫ್ರಾನ್ಸಿಸ್ ಎನ್‌ಗಾನು ಒಂದು ಮಷೀನ್‌ಗೆ ಗುದ್ದಿದಾಗ 1,29,161 ಬಂತು. ಆ ರೀಲ್ ನಿಮ್ಮ ಫೋನಿಗೂ ಬಂದಿರುತ್ತೆ, 'ಕಾರು ಬಂದು ಡಿಕ್ಕಿ ಹೊಡೆದ ಹಾಗೆ' ಅನ್ನೋ ಕ್ಯಾಪ್ಶನ್ ಜೊತೆ. ಆದರೆ ಆ ಅಂಕಿ ನ್ಯೂಟನ್ ಅಲ್ಲ. ಆ ಮಷೀನ್ ತನಗೆ ತಾನೇ ಇಟ್ಟುಕೊಂಡ ಯೂನಿಟ್ ಅದು. ಅದೇ ಮಷೀನ್‌ಗೆ ಇಬ್ಬರು ಗುದ್ದಿದರೆ ಯಾರದು ಜಾಸ್ತಿ ಅಂತ ಹೇಳಬಹುದು, ಅಷ್ಟೇ. ಹಾಗಾದರೆ ಒಬ್ಬ ಹೆವಿವೇಟ್ ನಿಜವಾಗಿ ಎಷ್ಟು ಜೋರಾಗಿ ಹೊಡೀತಾನೆ?

ನನಗೆ ಸಿಕ್ಕ ಉತ್ತರಗಳಲ್ಲಿ ನಂಬಿಕೆ ಬಂದದ್ದು 1985ರದ್ದು. ಇಂಗ್ಲೆಂಡಿನ ಫ್ರಾಂಕ್ ಬ್ರೂನೋ ಮುಂದೆ 1995ರಲ್ಲಿ ವಿಶ್ವ ಚಾಂಪಿಯನ್ ಆದವನು. ಅವನ ಗುದ್ದನ್ನು ಅಳೆದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ನಮಗೆಲ್ಲ ಗೊತ್ತಿರೋ ಬ್ಯಾಲಿಸ್ಟಿಕ್ ಪೆಂಡುಲಮ್. ಪ್ಯಾಡ್ ಸುತ್ತಿದ ಒಂದು ಗುರಿಯನ್ನು ತೂಗುಹಾಕಿ, ಅದಕ್ಕೆ ಸೆನ್ಸರ್ ಕೂರಿಸಿದ್ದರು. ಮುಷ್ಟಿ ಅರ್ಧ ಮೀಟರ್‌ನಷ್ಟು ದೂರ ಹೋಗುವಷ್ಟರಲ್ಲಿ ಅದರ ವೇಗ ಸೆಕೆಂಡಿಗೆ 8.9 ಮೀಟರ್. ಅಂದರೆ ಗಂಟೆಗೆ 32 ಕಿಲೋಮೀಟರ್, ಕ್ಯಾಂಪಸ್ ಒಳಗೆ ಸ್ಕೂಟಿ ಓಡಿಸೋ ಸ್ಪೀಡು. ತಗುಲಿದ 14 ಮಿಲಿಸೆಕೆಂಡ್ ಒಳಗೆ ಬಲ 4,000 ನ್ಯೂಟನ್ ಮುಟ್ಟಿತ್ತು. ಗುರಿಗೆ ಆದ ವೇಗೋತ್ಕರ್ಷ 53 ಜಿ. ಆರು ಕೆಜಿಯ ಮರದ ಕೊಡತಿಗೆ ಪ್ಯಾಡ್ ಸುತ್ತಿ ಅದೇ ವೇಗದಲ್ಲಿ ಬೀಸಿದರೆ ಇಷ್ಟೇ ಏಟು ಬೀಳುತ್ತಂತೆ. ಕಾರು ಅಲ್ಲ, ಕೊಡತಿ. ಆದರೆ ಆ ಕೊಡತಿ ನಿಮ್ಮ ದವಡೆಗೆ ಬಿದ್ದರೆ ಹೇಗಿರುತ್ತೆ ಅಂತ ಯೋಚನೆ ಮಾಡಿ.

ನನ್ನ ರೂಮ್‌ಮೇಟ್ ಬಾಕ್ಸರ್. ಹೆವಿವೇಟ್ ಅಲ್ಲ, 75 ಕೆಜಿಯೂ ಇಲ್ಲ. ಇದನ್ನೆಲ್ಲ ಓದಿ ಹೇಳಿದ ದಿನದಿಂದ 'ಮಗಾ, ನಂದೂ ಅಳಿ' ಅಂತ ಶುರು ಮಾಡಿದ. ಮೆಸ್‌ನಿಂದ ಖಾಲಿ ಅಕ್ಕಿ ಚೀಲ ತಂದು, ಮರಳು ಮತ್ತು ಹಳೇ ಬಟ್ಟೆ ತುಂಬಿ 30 ಕೆಜಿ ಮಾಡಿದ್ವಿ. ಟೆರೇಸ್‌ನ ಬೀಮ್‌ಗೆ ಎರಡು ಮೀಟರ್ ಹಗ್ಗದಲ್ಲಿ ಕಟ್ಟಿ, ಫೋನನ್ನು ಸ್ಲೋ ಮೋಷನ್‌ಗೆ ಹಾಕಿದ್ವಿ. ಅವನ ಬಲಗೈ ಗುದ್ದಿಗೆ ಚೀಲ 25 ಸೆಂಟಿಮೀಟರ್ ಹಿಂದೆ ಹೋಯ್ತು. ಲೆಕ್ಕ ಹಾಕಿದರೆ ಇಂಪಲ್ಸ್ ಸುಮಾರು 16 ನ್ಯೂಟನ್-ಸೆಕೆಂಡ್.

ಆಮೇಲೆ ನಾನು ಹೋಗಿ ಚೀಲಕ್ಕೆ ಭುಜ ಕೊಟ್ಟು ಸುಮ್ಮನೆ ತಳ್ಳಿದೆ. 40 ಸೆಂಟಿಮೀಟರ್! ಇಂಪಲ್ಸ್ 26. ಆ ಲೆಕ್ಕದಲ್ಲಿ, ಜೀವನದಲ್ಲಿ ಒಂದು ಫೈಟೂ ಮಾಡದ ನಾನೇ ದೊಡ್ಡ ಪಂಚರ್. ವ್ಯತ್ಯಾಸ ಇರೋದು ಸಮಯದಲ್ಲಿ. ಅವನ ಮುಷ್ಟಿ ಚೀಲಕ್ಕೆ ತಾಗಿದ್ದು ಐದು ಫ್ರೇಮ್ ಮಾತ್ರ, ಸುಮಾರು 20 ಮಿಲಿಸೆಕೆಂಡ್. ಅಂದರೆ ಸರಾಸರಿ ಬಲ 800 ನ್ಯೂಟನ್. ನಾನು ತಳ್ಳಿದ್ದು ಸೆಕೆಂಡಿನ ಮೂರನೇ ಒಂದು ಭಾಗ, ಬಲ 90 ನ್ಯೂಟನ್ನೂ ದಾಟಲ್ಲ. ಚೀಲ ಎಷ್ಟು ದೂರ ಹಾರಿತು ಅನ್ನೋದನ್ನು ನೋಡಿ ಗುದ್ದಿನ ಜೋರು ಹೇಳೋಕಾಗಲ್ಲ.

ತೂಕ ನೋಡಿ ಹೇಳಬಹುದಾ? ಸ್ವಲ್ಪ ಮಟ್ಟಿಗೆ. 2005ರ ಒಂದು ಅಧ್ಯಯನದಲ್ಲಿ ಬೇರೆಬೇರೆ ತೂಕದ ಏಳು ಒಲಿಂಪಿಕ್ ಬಾಕ್ಸರ್‌ಗಳು ಡಮ್ಮಿಯ ದವಡೆಗೆ ಗುದ್ದಿದರು. ಸರಾಸರಿ ಬಲ 3,427 ನ್ಯೂಟನ್. ದಪ್ಪ ಬಾಕ್ಸರ್‌ಗಳ ಗುದ್ದು ಜೋರಾಗಿದ್ದಕ್ಕೆ ಮುಖ್ಯ ಕಾರಣ ಕೈಯ ವೇಗ ಅಲ್ಲ, ಗುದ್ದಿನ ಹಿಂದೆ ಅವರು ಹಾಕಿದ ಮಾಸ್. ಸರಾಸರಿ ಲೆಕ್ಕದಲ್ಲಿ ಅದು 2.9 ಕೆಜಿ ಮಾತ್ರ. ಅಷ್ಟು ದೊಡ್ಡ ದೇಹದಿಂದ ಮುಷ್ಟಿಗೆ ತಲುಪೋದು ಅಷ್ಟೇ! ಕಾಲು, ಸೊಂಟ, ಭುಜ ಒಂದೇ ಕ್ಷಣಕ್ಕೆ ಕೂಡಿ ಬಂದವನಿಗೆ ಜಾಸ್ತಿ ತಲುಪುತ್ತೆ. ಅದಕ್ಕೇ 2018ರಲ್ಲಿ 96 ಕೆಜಿಯ ಡಿಯಾಂಟೇ ವೈಲ್ಡರ್, 116 ಕೆಜಿಯ ಟೈಸನ್ ಫ್ಯೂರಿಯನ್ನು ಎರಡು ಸಲ ನೆಲಕ್ಕೆ ಕೆಡವಿದ. ಹನ್ನೆರಡನೇ ರೌಂಡ್‌ನಲ್ಲಿ ಬಿದ್ದ ಫ್ಯೂರಿ ಎದ್ದು ನಿಂತಿದ್ದು ಹೇಗೆ ಅಂತ ಜನ ಇವತ್ತಿಗೂ ಮಾತಾಡ್ತಾರೆ. ಹಾಗಾದರೆ ವೈಲ್ಡರ್ ಗುದ್ದು ಜೋರಾ, ಫ್ಯೂರಿ ತಲೆ ಗಟ್ಟಿನಾ? ಒಂದೇ ಗುದ್ದಿನಲ್ಲಿ ಎರಡೂ ಬೆರೆತುಹೋಗಿರುತ್ತೆ.

ಇನ್ನು ಉಳಿಯೋದು ಸಾಕ್ಷಿ. ಬಲ್ಲವನೇ ಬಲ್ಲ ಬೆಲ್ಲದ ರುಚಿ ಅಂತಾರಲ್ಲ, ಗುದ್ದಿನ ರುಚಿಯೂ ತಿಂದವನಿಗೇ ಗೊತ್ತು. 70ರ ಆಸುಪಾಸು ನಾಕೌಟ್ ಮಾಡಿದ ಅರ್ನಿ ಶೇವರ್ಸ್ ಒಮ್ಮೆಯೂ ವಿಶ್ವ ಚಾಂಪಿಯನ್ ಆಗಲಿಲ್ಲ. ಆದರೆ ಲ್ಯಾರಿ ಹೋಮ್ಸ್‌ನನ್ನು ಕೇಳಿದರೆ, ತನಗೆ ಬಿದ್ದ ಗುದ್ದುಗಳಲ್ಲಿ ಶೇವರ್ಸ್‌ದೇ ಜೋರು ಅಂತಿದ್ದ. 1988ರಲ್ಲಿ ಹೋಮ್ಸ್‌ನನ್ನು ನಾಕೌಟ್ ಮಾಡಿದ್ದು ಮೈಕ್ ಟೈಸನ್. 1979ರಲ್ಲಿ ಶೇವರ್ಸ್ ಹೊಡೆತಕ್ಕೆ ಬಿದ್ದರೂ ಹೋಮ್ಸ್ ಎದ್ದು ಗೆದ್ದಿದ್ದ. ಆದರೂ ಹೆಸರು ಹೇಳಿದ್ದು ಶೇವರ್ಸ್‌ದು. ಇಲ್ಲೊಂದು ತಮಾಷೆ ಇದೆ. ಎಷ್ಟೋ ಸಲ ನಾಕೌಟ್ ಆದವನಿಗೆ ಆ ಗುದ್ದಿನ ನೆನಪೇ ಇರಲ್ಲ. ಸಾಕ್ಷಿ ಹೇಳೋಕೆ ಉಳಿಯೋದು ತಡೆದುಕೊಂಡವರು.

ಕನ್ನಡದಲ್ಲಿ ಇದಕ್ಕೆ ಎರಡು ಪದ ಇವೆ. ಗುದ್ದು ಹೊಡೆದವನದು. ಪೆಟ್ಟು ತಿಂದವನದು. ನಾನು ಇಂಗ್ಲಿಷ್ ಮೀಡಿಯಂನವನು, ಎರಡಕ್ಕೂ 'ಪಂಚ್' ಅಂತಲೇ ಅಂದುಕೊಂಡು ಬೆಳೆದೆ. ಆದರೆ ಮಷೀನ್ ಅಳೆಯೋದು ಗುದ್ದನ್ನು. ನಮಗೆ ಗೊತ್ತಾಗಬೇಕಿರೋದು ಪೆಟ್ಟು. ಗಲ್ಲದ ತುದಿಗೆ ಪಕ್ಕದಿಂದ ಬಿದ್ದರೆ ತಲೆ ಗರಕ್ಕನೆ ತಿರುಗುತ್ತೆ, ಸ್ಪ್ಯಾನರ್‌ನ ತುದಿ ಹಿಡಿದು ತಿರುಗಿಸಿದ ಹಾಗೆ. ಒಳಗಿರೋ ಮಿದುಳು ಅಷ್ಟು ಬೇಗ ತಿರುಗಲ್ಲ, ಎಳೆದಾಡಿದ ಹಾಗಾಗುತ್ತೆ. ಬರೋದು ಕಂಡರೆ ಕತ್ತು ಬಿಗಿ ಮಾಡ್ಕೋಬಹುದು. ಕಾಣದೇ ಬಂದರೆ ಸಣ್ಣ ಗುದ್ದೂ ದೊಡ್ಡ ಪೆಟ್ಟು.

1977ರಲ್ಲಿ ಮುಹಮ್ಮದ್ ಅಲಿ ಇದೇ ಶೇವರ್ಸ್ ವಿರುದ್ಧ ಹದಿನೈದು ರೌಂಡ್ ಆಡಿ ಗೆದ್ದ. ಆ ಫೈಟ್ ಆದ ಮೇಲೆ ಅಲಿಯ ಡಾಕ್ಟರ್ ಫರ್ಡಿ ಪಚೆಕೊ ಕೈಗೆ ಒಂದು ಲ್ಯಾಬ್ ರಿಪೋರ್ಟ್ ಬಂತು. ಕಿಡ್ನಿ ಹಾಳಾಗ್ತಿದೆ ಅಂತ ಅದರಲ್ಲಿತ್ತು. ಅದನ್ನು ಅಲಿಗೂ ಅವನ ಹತ್ತಿರದವರಿಗೂ ಕಳಿಸಿದರು. ಯಾರೂ ಉತ್ತರ ಕೊಡಲಿಲ್ಲ. ಪಚೆಕೊ ಕೆಲಸ ಬಿಟ್ಟರು. ಅಲಿ ಮಾತ್ರ 1981ರವರೆಗೂ ರಿಂಗ್ ಬಿಡಲಿಲ್ಲ. 1984ರಲ್ಲಿ ಪಾರ್ಕಿನ್ಸನ್ ಇದೆ ಅಂತ ಗೊತ್ತಾಯ್ತು. ಅದಕ್ಕೆ ಬಾಕ್ಸಿಂಗೇ ಕಾರಣವಾ ಅನ್ನೋ ಚರ್ಚೆ ಇದ್ದೇ ಇದೆ. ಆದರೆ ಅವನ ಮೈಮೇಲೆ ಬಿದ್ದ ಪೆಟ್ಟಿನ ಅಳತೆ ಯಾವ ಪಂಚಿಂಗ್ ಮಷೀನ್‌ನಲ್ಲೂ ಇರಲಿಲ್ಲ, ಆ ಕಾಗದದಲ್ಲಿತ್ತು.

ಹೋದ ಸೆಮ್‌ನಲ್ಲಿ ನನ್ನ ರೂಮ್‌ಮೇಟ್‌ಗೆ ಸ್ಪಾರಿಂಗ್‌ನಲ್ಲಿ ಒಂದು ಎಡಗೈ ಹುಕ್ ಬಿತ್ತು. ಹೊಡೆದವನು ಇವನಿಗಿಂತ ಸಣ್ಣವನು. ಇವನು ಕೆಳಗೂ ಬೀಳಲಿಲ್ಲ. ರಾತ್ರಿ ಮೆಸ್‌ನಲ್ಲಿ 'ನಾಳೆ ಇಂಟರ್ನಲ್ಸ್ ಯಾವ ಸಬ್ಜೆಕ್ಟು?' ಅಂದ. ಹೇಳಿದೆ. ಅನ್ನ ಕಲಸೋಷ್ಟರಲ್ಲಿ ಮತ್ತೆ ಅದನ್ನೇ ಕೇಳಿದ. ರೂಮಿಗೆ ಬಂದವನೇ ಲೈಟ್ ಆಫ್ ಮಾಡು ಅಂದ. ಶನಿವಾರ ಇಂಟರ್-ಕಾಲೇಜ್ ಬೌಟ್ ಇತ್ತು. 'ಅದು ಜೋರಾದ ಪಂಚೇ ಅಲ್ವೋ' ಅಂತಲೇ ವಾದ ಮಾಡಿದ. ಬೆಳಿಗ್ಗೆ ಎಳ್ಕೊಂಡು ಡಾಕ್ಟರ್ ಹತ್ತಿರ ಹೋದೆ. ಕನ್ಕಷನ್ ಅಂದರು, ಅವರು ಹೇಳೋವರೆಗೂ ರಿಂಗ್‌ಗೆ ಇಳಿಯೋ ಹಾಗಿಲ್ಲ ಅಂದರು. ಬೌಟ್ ತಪ್ಪಿತು. ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ.

ಡಾಕ್ಟರ್ ಸರಿ ಅಂದ ಮೇಲೆ ಈಗ ಮತ್ತೆ ಪ್ರಾಕ್ಟೀಸ್ ಶುರು ಮಾಡಿದ್ದಾನೆ. ಚೀಲಕ್ಕೆ ಗುದ್ದಿದ ಅಳತೆಗಳನ್ನು ಬರೆಯೋಕೆ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ವೇಗ, ಇಂಪಲ್ಸ್, ಬಲ, ಎಲ್ಲ ಯೂನಿಟ್ ಸಮೇತ. ಅದರಲ್ಲಿ ನಾನು ಇನ್ನೊಂದು ಕಾಲಮ್ ಎಳೆದಿದ್ದೀನಿ, ಸ್ಪಾರಿಂಗ್ ಆದ ದಿನ ತುಂಬೋಕೆ. ತಲೆನೋವು ಇದೆಯಾ? ಬೆಳಕು ಚುಚ್ಚುತ್ತಾ? ನಿನ್ನೆ ರಾತ್ರಿ ಮೆಸ್‌ನಲ್ಲಿ ಏನು ಊಟ?

ಕೊನೇ ಪ್ರಶ್ನೆಗೆ ಅವನಿಗೆ ಕೋಪ ಬರುತ್ತೆ. 'ಅದೇ ನೀರು ಸಾರು ಕಣೋ, ಅದನ್ನ ಹೇಗೆ ಮರೆಯೋದು?' ಅಂತಾನೆ. ನಾನು ಟಿಕ್ ಹಾಕಿ ಪುಟ ತಿರುಗಿಸ್ತೀನಿ.