ತುರಹಳ್ಳಿಯ ಬೇಸಿಗೆ, ಅಕ್ಕನ ಹಕ್ಕಿಗಳು

ಗಿಳಿ, ಕೋಗಿಲೆ, ದುಂಬಿ, ಹಂಸೆ, ನವಿಲುಗಳನ್ನು ಕರೆದು ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳುವ ಅಕ್ಕಮಹಾದೇವಿಯ ವಚನ ಶರಣಬಂಧುಗಳಿಗೆಲ್ಲ ಪರಿಚಿತ. ವ್ಯಾಖ್ಯಾನಕಾರರು ಇವುಗಳಿಗೆ ತಾತ್ತ್ವಿಕ ಅರ್ಥ ಹೇಳುವುದುಂಟು. ನನಗಾದರೋ ಅಕ್ಕ ನಿಜವಾದ ಹಕ್ಕಿಗಳನ್ನೇ ಕೇಳಿದಳೆಂದು ತೋರುತ್ತದೆ.

ಬನಶಂಕರಿ ಆರನೆಯ ಹಂತದ ಅಂಚಿನ ತುರಹಳ್ಳಿ ಕಾಡಿಗೆ ಬೇಸಿಗೆಯ ಬೆಳಗು ಹೋಗಿ ನೋಡಬೇಕು. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಜನರ ವಿರೋಧದಿಂದ ನಿಂತಿತು. ಕುರುಚಲೂ ಬಂಡೆಯೂ ಉಳಿದವು. ಗಿಳಿವಿಂಡಿನ ಗದ್ದಲ, ಹೂವಿಗೆರಗುವ ದುಂಬಿ ಇದ್ದೇ ಇವೆ. ಸ್ವರವೆತ್ತಿ ಕೂಗುವುದು ಕರಿಯ ಗಂಡು ಕೋಗಿಲೆ. ಚುಕ್ಕೆಗಳ ಹೆಣ್ಣು ಕಾಗೆಯ ಗೂಡಿಗೆ ಹೊಂಚುಹಾಕುತ್ತಿರುತ್ತದೆ. ನವಿಲಿನ ಗರಿಗಳು ಮಳೆಗಾಲ ಕಳೆಯುವಷ್ಟರಲ್ಲಿ ಉದುರುವುದರಿಂದ ಅದರ ಪೂರ್ಣ ವೈಭವ ಈಗಲೇ. ಅಕ್ಕ ಹೆಸರಿಸದ ಓತಿಕ್ಯಾತವೂ ಬೆನ್ನು ಕೆಂಪೇರಿಸಿಕೊಂಡು ಕಾದ ಬಂಡೆಯ ಮೇಲೆ ತಲೆಯಾಡಿಸುತ್ತದೆ. ಅದನ್ನು ಕಂಡರೆ ನನಗೆ ನಗು.

ಹಂಸೆ ಮಾತ್ರ ಇಲ್ಲ. ಪ್ರಾಚೀನ ಕಾವ್ಯಗಳ ಹಂಸವೆಂದರೆ ಪಟ್ಟೆತಲೆಯ ಹೆಬ್ಬಾತೆಂದು ಕೆಲವು ವಿದ್ವಾಂಸರ ಮತ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಈ ಹೆಬ್ಬಾತುಗಳು ಬಿಸಿಲೇರುವ ಮುನ್ನವೇ ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾಗಳತ್ತ ಹೊರಡುತ್ತವೆ. ಈ ಮತ ಸರಿಯಾದರೆ, ಕೋಗಿಲೆ ಹಾಡುವ ಹೊತ್ತಿಗೆ ಕೊಳದ ದಡದಲ್ಲಿ ಹಂಸೆಯಿರದು. ಹಂಸೆಯಿದ್ದಾಗ ಕೋಗಿಲೆಯ ಸ್ವರವಿರದು. ಅಕ್ಕನ ಹುಡುಕಾಟ ಒಂದು ಮುಂಜಾನೆಯದಲ್ಲ, ಋತುಗಳುದ್ದಕ್ಕೂ ನಡೆದದ್ದೆಂದು ಆಗ ಓದಬೇಕಾಗುತ್ತದೆ. ವಚನದ ಒಂದೊಂದು ಸಂಬೋಧನೆಯ ನಡುವೆ ಎಷ್ಟು ತಿಂಗಳ ದಾರಿಯೋ!

ಬರುವ ಮಾರ್ಗಶಿರದಲ್ಲಿ ಮಾಗಡಿ ಕೆರೆಗೆ ಹೋಗಿಬರುವ ಮನಸ್ಸಿದೆ.