ಹೊರೆ ಹೊರದ ಗಾಡಿಗಳು

ಗಾಡಿ ಎಂದ ಮೇಲೆ ಅದು ಹೊರೆ ಹೊರಬೇಕು. ಎತ್ತಿನ ಗಾಡಿಗೂ ಲಾರಿಗೂ ಇದೇ ಧರ್ಮ. ಅಮೆರಿಕದ ಪಿಕಪ್ ಕೂಡ ಹಾಗೆಯೇ ಹುಟ್ಟಿದ್ದು: ಮುಂದೆ ಕೂರುವ ಗೂಡು, ಹಿಂದೆ ಹುಲ್ಲೋ ಹಲಗೆಯೋ ಹೇರುವ ತೆರೆದ ತೊಟ್ಟಿ. ಆದರೆ ಆ ಕುಲದಲ್ಲಿ ಹುಟ್ಟಿಯೂ ಓಟಕ್ಕೇ ಹೆಸರಾದ ಎರಡು ಗಾಡಿಗಳಿವೆ. ಇಂದು ಎರಡೂ ಸಂಗ್ರಾಹಕರ ಸೊತ್ತು. ಗಾಡಿ ಓಡಿಸಲು ಬಾರದ ನನ್ನಂಥವನಿಗೂ ಅವುಗಳ ಕಥೆ ರುಚಿಸಿತು.

ಮೊದಲನೆಯದು ಡಾಜ್ ಕಂಪೆನಿಯ ಲಿಲ್ ರೆಡ್ ಎಕ್ಸ್‌ಪ್ರೆಸ್. ಕಾಲ 1978 ಮತ್ತು 1979. ಕೆಂಪು ಮೈ, ಬಾಗಿಲ ಮೇಲೆ ಚಿನ್ನದ ಬಣ್ಣದ ಅಕ್ಷರ, ತೊಟ್ಟಿಗೆ ಓಕ್ ಮರದ ಪಟ್ಟಿ, ಗೂಡಿನ ಬೆನ್ನಿಗೆ ನೆಟ್ಟಗೆ ನಿಂತ ಎರಡು ಥಳಥಳಿಸುವ ಹೊಗೆಕೊಳವೆ. ಉತ್ಸವಕ್ಕೆ ಸಿಂಗರಿಸಿದ ತೇರೇ ಸರಿ! ಒಳಗೆ ಎಂಟು ಸಿಲಿಂಡರಿನ, 5.9 ಲೀಟರಿನ ಎಂಜಿನ್. 1978ರಲ್ಲಿ ಅದರ ಬಲ 225 ಅಶ್ವಶಕ್ತಿ. ಹೊಗೆಯ ಕಾನೂನು ಕಾರುಗಳ ಕತ್ತು ಹಿಸುಕುತ್ತಿದ್ದ ಕಾಲ ಅದು. ಹೊರೆ ಸೇರಿ 6,000 ಪೌಂಡು ಮುಟ್ಟುವ ಟ್ರಕ್ಕುಗಳಿಗೆ ಮಾತ್ರ ಆಗ ರಿಯಾಯಿತಿಯಿತ್ತು. ದುಡಿಯುವವನಿಗೆಂದು ಕೊಟ್ಟ ಆ ರಿಯಾಯಿತಿಯಲ್ಲಿ ಈ ಶೋಕಿವಾಲ ನುಸುಳಿಕೊಂಡ. 1979ರಲ್ಲಿ ಹೊಗೆ ಶುದ್ಧಿಮಾಡುವ ಕನ್ವರ್ಟರ್ ಅವನಿಗೂ ಬಂದಿತು.

ಎರಡನೆಯದು 1991ರ ಜಿ.ಎಂ.ಸಿ. ಸೈಕ್ಲೋನ್. ಹೆಸರು ಚಂಡಮಾರುತ, ರೂಪ ಸಾಧುವಿನದು. ಕಪ್ಪು ಬಣ್ಣ, ಗಿಡ್ಡ ನಿಲುವು. ಎಂಜಿನ್ನಿಗೆ ಆರೇ ಸಿಲಿಂಡರು, 4.3 ಲೀಟರು. ಆದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ 280 ಅಶ್ವಶಕ್ತಿ. ನಾಲ್ಕು ಚಕ್ರಗಳೂ ನೆಲ ಕಚ್ಚಿ ತಳ್ಳುತ್ತವೆ. ಆ ವರ್ಷ ಒಂದು ಮೋಟಾರು ಪತ್ರಿಕೆ ಇದನ್ನು ಇಟಲಿಯ ಫೆರಾರಿ 348ರೊಡನೆ ಓಡಿಸಿತು. ಕಾಲು ಮೈಲಿಯ ಓಟದಲ್ಲಿ ಪಿಕಪ್ಪೇ ಗೆದ್ದಿತು. ಇಷ್ಟು ಬಲಶಾಲಿಯ ಮೇಲೆ ಹೇರಬಹುದಾದ ಹೊರೆ ಎಷ್ಟು? 500 ಪೌಂಡು, ಎರಡೂ ಕಾಲು ಕ್ವಿಂಟಲು!

ನಮ್ಮ ಅಲಂಕಾರಶಾಸ್ತ್ರದವರಿಗೆ ಇವೆರಡನ್ನು ಒಪ್ಪಿಸಿದರೆ ತೀರ್ಪು ಸುಲಭ. ಕೆಂಪು ಗಾಡಿಯದು ಬಾಯಿಬಿಟ್ಟು ಹೇಳುವ ವಾಚ್ಯ. ಕಪ್ಪು ಗಾಡಿಯದು ಒಳಗಿರಿಸಿಕೊಂಡ ವ್ಯಂಗ್ಯ. ಸದ್ದು ಮೊದಲಿನದರಲ್ಲಿ ಹೆಚ್ಚು, ಆನಂದವರ್ಧನ ಹೇಳುವ ಧ್ವನಿ ಎರಡನೆಯದರಲ್ಲಿ. ವೃತ್ತಿಯಿಂದ ನಾನು ಕಪ್ಪಿನ ಪಕ್ಷ. ಜಾತ್ರೆಯಲ್ಲಿ ಕಂಡರೆ ಕೆಂಪಿನ ಹಿಂದೆಯೇ ಹೋಗುವವನು.

ಆದರೆ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ಕೆಂಪು ಗಾಡಿ ಹುಟ್ಟಿದ್ದು 7,300ರಷ್ಟು, ಕಪ್ಪು 3,000ದೊಳಗೆ. ಅಪರೂಪವಾದುದರಿಂದ ಬೆಲೆ, ಓಡದೆ ಉಳಿದಷ್ಟೂ ಇನ್ನೂ ಬೆಲೆ. ಹೊರೆಯನ್ನು ಮೊದಲೇ ಬಿಟ್ಟಿದ್ದವು, ಈಗ ಓಟವನ್ನೂ ಬಿಟ್ಟು ಮುಸುಕು ಹೊದ್ದು ನಿಂತಿವೆ. ಹಳಗನ್ನಡ ಪಾಠ ಹೇಳುವವನಿಗೆ ಇದು ದೂರದ ಸಂಗತಿಯಲ್ಲ. ನಿಘಂಟಿನಲ್ಲಿ ಮಾಸದೆ ಉಳಿದ ಎಷ್ಟೋ ಪದಗಳು ನನಗೆ ಗೊತ್ತು. ಅವನ್ನು ಗೌರವದಿಂದ ತೋರಿಸುತ್ತೇನೆ, ಯಾರೂ ಆಡುವುದಿಲ್ಲ. ಸಂತೆಯಲ್ಲಿ ಸವೆದ ಮಾತು ಅಂಚು ಮುರಿದಿದ್ದರೂ ಅರ್ಥವನ್ನು ಹೊತ್ತು ಮನೆ ಮುಟ್ಟಿಸುತ್ತದೆ.

ಆದ್ದರಿಂದ ಯಾರಾದರೂ ಈ ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ, ತೊಟ್ಟಿಯಲ್ಲಿ ಗೀರು ಬಿದ್ದದ್ದು ಯಾವುದು ಎಂದು ಮೊದಲು ಕೇಳುತ್ತೇನೆ. ಸಂಗ್ರಾಹಕನ ಲೆಕ್ಕದಲ್ಲಿ ಅದು ನಷ್ಟ. ಗಾಡಿಯ ಲೆಕ್ಕದಲ್ಲಿ, ಒಂದು ದಿನವಾದರೂ ಅದು ಯಾರದೋ ಮನೆಗೆ ಏನನ್ನೋ ತಂದುಕೊಟ್ಟಿತ್ತು.